ನಿಲ್ಲು ಎನ್ನುವ ತಂತಿ

ಮನೆಯ ಹಿಂದಿನ ಜಗಲಿಯಿಂದ,
ಬುಧವಾರ, ಹನ್ನೊಂದನೇ ತಾರೀಖು, ಊಟದ ಮೇಲೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಅಂಗೈ ಸುಟ್ಟುಕೊಂಡೆ ಅಂತ ಹೋದ ಸಲ ಬರೆದಿದ್ದೆಯಲ್ಲ, ಈಗ ಚರ್ಮ ಕೂಡಿಕೊಂಡಿತೇ? ಹಡಗಿನ ಅಡುಗೆಮನೆಯಲ್ಲಿ ಅಷ್ಟು ಜನಕ್ಕೆ ಬೇಯಿಸಿ ಹಾಕುವವನು ನೀನು, ಕೈ ನೆಟ್ಟಗಿಲ್ಲದಿದ್ದರೆ ಸೌಟು ಹಿಡಿಯುವುದು ಹೇಗೆ ಎಂದು ನಿನ್ನ ಅಮ್ಮ ದಿನಕ್ಕೊಮ್ಮೆಯಾದರೂ ನನ್ನನ್ನು ಕೇಳುತ್ತಾಳೆ, ನಾನೇ ಸುಟ್ಟವನ ಹಾಗೆ. ಸಮುದ್ರ ಅಲುಗಿದಾಗ ಹೊಟ್ಟೆ ತೊಳಸುವುದು ಕಡಿಮೆಯಾಯಿತೋ ಇಲ್ಲವೋ ಬರೆ. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತದೆ, ಸಮತಟ್ಟು ನೆಲದ ಮೇಲೆ ಸುಮ್ಮನಿರುತ್ತದೆ. ನಿನ್ನ ಅಮ್ಮನಿಗೆ ಕೆಮ್ಮು ಹೋಯಿತು, ಬೈಗುಳ ಉಳಿದಿದೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಎಷ್ಟು ಚೆನ್ನಾಗಿದ್ದಾಳೆ ಎಂದು ಹೇಳುವುದಕ್ಕೇ ಈ ಕಾಗದ.

ಇನ್ನು ಕತೆ. ಇದನ್ನು ಮೊದಲು ಹೇಳಿದವನು ನಾನಲ್ಲ. ಮೊದಲು ಹೇಳಿದ್ದು ನಿನ್ನ ಅಮ್ಮ, ಕಳೆದ ಭಾನುವಾರ ಮುಸ್ಸಂಜೆ, ನಮ್ಮ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕಾಲು ಮಡಚಿ ಕೂತು. ಕೇಳಿದವರು ಟೈಲರಮ್ಮ, ಬೇಕರಿಯವನು, ಎದುರುಮನೆಯ ಕ್ಷೌರಿಕ, ಅವನ ಮುದಿ ತಾಯಿ. ನಡೆದದ್ದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೆ. ಆದರೂ ನಿನ್ನ ಅಮ್ಮನ ಬಾಯಲ್ಲಿ ಕೇಳಿದ ಮೇಲೇ, ಎಲಾ, ನಮ್ಮ ಮನೆಯ ಅಂಗಳದಲ್ಲಿ ಇಂಥದ್ದೊಂದು ಆಯಿತೇ ಎಂದು ನನಗೆ ಮೈ ಜುಮ್ಮೆಂದದ್ದು. ಅವಳು ಹೇಳಿದ ಹಾಗೇ ಬರೆಯುತ್ತೇನೆ. ಅವಳು ಉಪ್ಪು ಹೆಚ್ಚು ಹಾಕಿದ ಕಡೆ ನಾನು ಸ್ವಲ್ಪ ನೀರು ಬೆರೆಸುತ್ತೇನೆ, ಅಷ್ಟೇ.

ನಿನ್ನ ಹೆಂಡತಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಕಾದು ಕಾದು ಕೂತಿದ್ದಳಲ್ಲ, ಹೋದ ವಾರ ಆಸ್ಪತ್ರೆಯಿಂದ ಕರೆ ಬಂತು. ಗುಡ್ಡದ ಮೇಲಿನ ಒಂಟಿ ಮನೆಗಳಲ್ಲಿ ಹಾಸಿಗೆ ಹಿಡಿದವರಿದ್ದಾರೆ. ಅವರ ಬಾಗಿಲಿಗೇ ಹೋಗಿ ಗಾಯ ತೊಳೆದು, ಸೂಜಿ ಚುಚ್ಚಿ, ಎರಡು ಒಳ್ಳೆ ಮಾತಾಡಿ ಬರುವ ಕೆಲಸ. ಅಲ್ಲಿಗೆ ಬಸ್ಸು ಹತ್ತುವುದಿಲ್ಲ. ಹಾಗಾಗಿ ಅವರದು ಒಂದೇ ಕಟ್ಟಳೆ: ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ವಂತ ಬಂಡಿಯಲ್ಲಿ ಬಂದು ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಬೇಕು. ಬಂಡಿ ಇಲ್ಲದವಳಿಗೆ ಕೆಲಸವಿಲ್ಲ, ಹಿಂದೆ ಇನ್ನೊಬ್ಬಳು ಕಾಯುತ್ತಿದ್ದಾಳೆ. ಇವಳು ಹೂಂ ಎಂದು ಬಂದಳು. ಬಂಡಿಗೆ ಹೇಗೂ ನಿನ್ನ ಮೋಟಾರ್‌ಸೈಕಲ್ಲು ಇದೆ, ಓಡಿಸುವುದನ್ನು ನೀನೇ ಕಲಿಸಿದ್ದೀಯ. ನಿನ್ನ ಅಮ್ಮನಿಗೆ ಮಾತ್ರ ಆ ದಿನದಿಂದ ಅನ್ನ ಇಳಿಯಲಿಲ್ಲ. "ಮಗ ನೀರಿನ ಮೇಲೆ, ಸೊಸೆ ಗಾಳಿಯ ಮೇಲೆ, ನಾನು ಯಾವ ದಿಕ್ಕಿಗೆ ಮುಖ ಮಾಡಿ ಕಾಯಲಿ?" ಎಂದು ಕೇಳಿದಳು.

ಶನಿವಾರ ಮಧ್ಯಾಹ್ನ ನಮ್ಮ ಹುಡುಗಿ ಬಂಡಿ ತೊಳೆದು ಒರೆಸಿ, ಕೀ ತಿರುಗಿಸಿ ಕಿಕ್ ಹೊಡೆದಳು. ದೀಪ ಹತ್ತಿತು. ಹಾರ್ನು ಎಮ್ಮೆಯ ಹಾಗೆ ಕೂಗಿತು. ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಮತ್ತೆ ಹೊಡೆದಳು, ಮತ್ತೆ ಮತ್ತೆ ಹೊಡೆದಳು, ಬೆವರು ಗಲ್ಲದಿಂದ ತೊಟ್ಟಿಕ್ಕುವವರೆಗೆ ಹೊಡೆದಳು. ಊಹೂಂ. ಮೆಕ್ಯಾನಿಕ್‌ನ ಅಂಗಡಿಗೆ ಓಡಿದರೆ ಬಾಗಿಲಿಗೆ ಬೀಗ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮದುವೆಗೆ ಹೋಗಿದ್ದಾನೆ, ಬರುವುದು ವಾರದ ಮೇಲೆ. ನಿನ್ನ ಅಮ್ಮ ಒಳಗಿನಿಂದ, ಯಾರಿಗೂ ಕೇಳಿಸದ ಹಾಗೆ ಎಂದುಕೊಂಡು ಎಲ್ಲರಿಗೂ ಕೇಳಿಸುವ ಹಾಗೆ, "ಆಗದಿದ್ದದ್ದೇ ಒಳ್ಳೇದಾಯ್ತು" ಅಂದಳು. ಸೊಸೆ ಅದನ್ನು ಕೇಳಿಸಿಕೊಂಡು ಬಟ್ಟೆ ಹಿಂಡಿ ಹಗ್ಗದ ಮೇಲೆ ಹರವಿದಳು. ಅವಳ ಸಿಟ್ಟು ನಿನಗೆ ಗೊತ್ತಲ್ಲ, ಒದ್ದೆ ಬಟ್ಟೆಯ ಮೇಲೆ ಮಾತ್ರ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ನಿನ್ನ ಸೋದರಮಾವನನ್ನು ಕರೆಸಿದೆವು. ನಮ್ಮ ಗೊತ್ತುಬಿಡಿ ಮಾವ. ಅವನಿಗೆ ಏನು ಹೇಳಹೋದರೂ ಅರ್ಧ ಮಾತಿಗೇ "ಗೊತ್ತು ಬಿಡಿ" ಅನ್ನುವವನು. ಬಂದವನೇ ಸೊಂಟದ ಮೇಲೆ ಕೈಯಿಟ್ಟು ಬಂಡಿಗೆ ಒಂದು ಸುತ್ತು ಹಾಕಿದ. "ಪೆಟ್ರೋಲ್ ಇಲ್ಲ, ಗೊತ್ತು ಬಿಡಿ." ಟ್ಯಾಂಕ್ ಅರ್ಧಕ್ಕಿಂತ ಮೇಲಿತ್ತು. "ಹಾಗಾದರೆ ಬ್ಯಾಟರಿ ಸತ್ತಿದೆ." ದೀಪ ಉರಿಯುತ್ತಿತ್ತು. "ಫ್ಯೂಸ್." ಫ್ಯೂಸ್ ನೆಟ್ಟಗಿತ್ತು. ಪ್ಲಗ್ ಬಿಚ್ಚಿ ಒರೆಸಿ ಹಾಕಿದ, ಆಗಲಿಲ್ಲ. ಕೊನೆಗೆ, "ಇಗ್ನಿಷನ್ ಸ್ವಿಚ್ಚೇ ಹೋಗಿದೆ, ಹೊಸದು ಪಟ್ಟಣದಿಂದ ತರಿಸಬೇಕು, ಎಂಟು ಹತ್ತು ದಿನ" ಅಂದು ನೀರು ಕೇಳಿ ಕುಡಿದ. ಅವನನ್ನು ನೋಡಿ ನಗುವ ಹಾಗಿಲ್ಲ ಮಗನೇ, ನನ್ನ ಬುದ್ಧಿಯೂ ಅಲ್ಲೇ ಸುತ್ತುತ್ತಿತ್ತು. ಆಯಸ್ಸೆಲ್ಲ ಹಿಟ್ಟಿನ ಗಿರಣಿಯಲ್ಲಿ ದುಡಿದವನು ನಾನು. ಗಿರಣಿ ನಿಂತರೆ ನಾವು ನೋಡುತ್ತಿದ್ದದ್ದು ಒಂದನ್ನೇ, ಏನು ಬರಬೇಕಾದದ್ದು ಬಂದಿಲ್ಲ? ಕಾಳು ಬಂದಿಲ್ಲವೋ, ಕರೆಂಟು ಬಂದಿಲ್ಲವೋ, ಬೆಲ್ಟು ಜಾರಿದೆಯೋ. ಕೊರತೆ ಹುಡುಕುವುದೇ ರಿಪೇರಿ ಎಂದು ನಂಬಿದ ತಲೆ ಇದು.

ನಿನ್ನ ಹೆಂಡತಿ ಬಂಡಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಸುಮ್ಮನೆ ನೋಡುತ್ತಿದ್ದಳು, ಹಾಸಿಗೆಯಲ್ಲಿ ಮಲಗಿದವರನ್ನು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು. "ಮಾವ, ಕೀ ತಿರುಗಿಸಿ ಆಫ್ ಮಾಡಿದರೆ ಎಂಜಿನ್ ಹೇಗೆ ನಿಲ್ಲುತ್ತೆ? ಪೆಟ್ರೋಲ್ ಅಂತೂ ಹರೀತಾನೇ ಇರುತ್ತಲ್ಲ?" ಗೊತ್ತುಬಿಡಿ ಮಾವ ಆಕಾಶ ನೋಡಿದ. ಎಷ್ಟು ವರ್ಷದಿಂದ ಆ ಕೀ ತಿರುಗಿಸಿದ್ದೇವೆ! ಹೊರಡುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ, ನಿಲ್ಲುವುದು ಹೇಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳೇ ಹೇಳಿದಳು, ಕಲಿಯುವಾಗ ವಾರ್ಡಿನಲ್ಲಿ ಒಬ್ಬ ರೋಗಿ ಕಾಲೆತ್ತಲಾರದೆ ಮಲಗಿದ್ದನಂತೆ. ಶಕ್ತಿಯಿಲ್ಲ ಎಂದು ಟಾನಿಕ್ಕಿನ ಮೇಲೆ ಟಾನಿಕ್ಕು ಕುಡಿಸಿದರಂತೆ. ಆಮೇಲೆ ನೋಡಿದರೆ ಹೊದಿಕೆಯ ಕೆಳಗೆ ಅವನ ಕಾಲಿಗೆ ಕಟ್ಟಿದ ಪಟ್ಟಿಯ ತುದಿ ಮಂಚದ ಸಂದಿಗೆ ಸಿಕ್ಕಿಕೊಂಡಿತ್ತಂತೆ. "ಶಕ್ತಿ ಇಲ್ಲದೆ ಏಳ್ತಿಲ್ಲವೋ, ಏನೋ ಹಿಡ್ಕೊಂಡು ಏಳ್ತಿಲ್ಲವೋ, ಮೊದಲು ಅದು ಗೊತ್ತಾಗಬೇಕು ಮಾವ." ಅದನ್ನು ಹೇಳುವಾಗ ಅವಳ ದನಿಯಲ್ಲಿ ಗರ್ವವಿರಲಿಲ್ಲ, ಹಸಿವಿತ್ತು.

ಕಿಡಿ ಹಾರುತ್ತದೋ ಇಲ್ಲವೋ ಮೊದಲು ನೋಡಬೇಕು ಅಂದಳು. ಹಗಲು ಬಿಸಿಲಿನಲ್ಲಿ ಕಿಡಿ ಎಲ್ಲಿ ಕಾಣಬೇಕು? ಪೆಟ್ರೋಲಿನ ನಲ್ಲಿ ಮುಚ್ಚಿದಳು, ನಿನ್ನ ರಿಪೇರಿ ಡಬ್ಬಿಯಲ್ಲಿದ್ದ ಹಳೆಯ ಪ್ಲಗ್ ಒಂದನ್ನು ತಂತಿಯ ಟೋಪಿಗೆ ಸಿಕ್ಕಿಸಿ, ಬಟ್ಟೆಗೆ ಹಾಕುವ ಕ್ಲಿಪ್ಪಿನಲ್ಲಿ ಹಿಡಿದು ಎಂಜಿನ್‌ಗೆ ತಾಗಿಸಿದಳು. ನಮ್ಮ ದಪ್ಪ ಕಂಬಳಿ ತಂದು ಬಂಡಿಯ ಆ ಪಕ್ಕಕ್ಕೆ ಹೊದಿಸಿ, ಒಳಗೆ ತಲೆ ತೂರಿಸಿದಳು. ಒಬ್ಬಳಿಗೆ ಕಂಬಳಿ ಜಾರುತ್ತದೆ, ನಾನೂ ತೂರಿದೆ. ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ತಾನು ನೋಡುತ್ತಿಲ್ಲ ಅನ್ನುವ ಮುಖದಲ್ಲಿ ನೋಡುತ್ತಿದ್ದ ನಿನ್ನ ಅಮ್ಮ, "ಆ ಮಂಡಿ ಇಟ್ಕೊಂಡು ಬಗ್ಗಬೇಡಿ, ಬಿದ್ದೀರಿ" ಎಂದು ನನ್ನನ್ನು ಎಳೆಯಲು ಬಂದವಳು ಅವಳೂ ಒಳಗೇ ಉಳಿದಳು. ಮೂರು ತಲೆ ಒಂದು ಕಂಬಳಿ. ಹೊರಗೆ ಗೊತ್ತುಬಿಡಿ ಮಾವ ಕಿಕ್ ಹೊಡೆದ. ಕತ್ತಲೆ. ಮತ್ತೆ ಹೊಡೆದ. ಕತ್ತಲೆಯೇ. "ಕಿಡಿ ಇಲ್ಲ" ಎಂದಳು ಸೊಸೆ. ನಿನ್ನ ಅಮ್ಮ ಉಸಿರು ಬಿಟ್ಟದ್ದು ನನ್ನ ಕಿವಿಗೆ ತಾಗಿತು, ಅದು ಸಮಾಧಾನದ ಉಸಿರು.

ಸೊಸೆ ಹೊರಗೆ ಬಂದು ಹೆಡ್‌ಲೈಟಿನ ಬಟ್ಟಲು ಬಿಚ್ಚಿದಳು. ಕೀ ಹಾಕುವ ಸ್ವಿಚ್ಚಿನ ಹೊಟ್ಟೆಯಿಂದ ನಾಲ್ಕು ತಂತಿ ಇಳಿದು ಅಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಗೂಡಿನಲ್ಲಿ ಸೇರುತ್ತವೆ. ಕೆಂಪು, ಕಂದು, ಹಸಿರು, ಮತ್ತೆ ಕಪ್ಪಿನ ಮೇಲೆ ಬಿಳಿ ಗೆರೆಯದೊಂದು. ಅವಳು ಆ ಗೂಡನ್ನೇ ಎಳೆದು ಬಿಡಿಸಿಬಿಟ್ಟಳು. "ಅಯ್ಯೋ, ಇದ್ದ ಸಂಬಂಧವನ್ನೂ ಕಿತ್ತೆಯಲ್ಲೇ!" ಎಂದ ನಿನ್ನ ಮಾವ. "ಒಂದು ಸಲ ಹೊಡೀರಿ ಮಾವಯ್ಯ" ಅಂದು ಮತ್ತೆ ಕಂಬಳಿಯೊಳಗೆ ತೂರಿದಳು. ನಾವೂ ತೂರಿದೆವು. ಈ ಸಲ ನಿನ್ನ ಅಮ್ಮ ನನ್ನನ್ನು ಎಳೆಯಲು ಬಂದದ್ದಲ್ಲ ಎಂಬುದನ್ನು ನೆನಪಿಡು.

ಹೊರಗೆ ಕಿಕ್ಕಿನ ಸದ್ದು. ಒಳಗೆ, ಆ ಕತ್ತಲೆಯಲ್ಲಿ, ಟಿಕ್ ಎಂದು ಒಂದು ನೀಲಿ ಚುಕ್ಕೆ.

ಏನೆಂದು ಬರೆಯಲಿ ಮಗನೇ. ಸಾಸಿವೆಯ ಅರ್ಧದಷ್ಟೂ ಇರಲಿಲ್ಲ. ಅಷ್ಟರಲ್ಲೇ ನಿನ್ನ ಅಮ್ಮನ ಮುಖ ಕಂಡಿತು, ಸೊಸೆಯ ಮುಖ ಕಂಡಿತು, ಇಬ್ಬರ ಬಾಯಿಯೂ ಒಂದೇ ಥರ ತೆರೆದಿತ್ತು. ಮತ್ತೆ ಕತ್ತಲೆ. ಮತ್ತೆ ಟಿಕ್. ಆ ನೀಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಅದು ಹೂವಿನದೂ ಅಲ್ಲ ಆಕಾಶದ್ದೂ ಅಲ್ಲ. ಇಷ್ಟು ವರ್ಷ ನಮ್ಮನ್ನು ಸಂತೆಗೆ, ಆಸ್ಪತ್ರೆಗೆ, ಸಾವಿಗೆ, ಮದುವೆಗೆ ಹೊತ್ತೊಯ್ದದ್ದು ಈ ಚುಕ್ಕೆಯೇ? ನನ್ನ ತೊಡೆಯ ನಡುವೆಯೇ ಇದು ಹುಟ್ಟಿ ಸತ್ತು ಹುಟ್ಟಿ ಸತ್ತು ಮಾಡುತ್ತಿತ್ತು, ನಾನು ಮೇಲೆ ಕೂತು ಹೊಗೆಸೊಪ್ಪಿನ ಯೋಚನೆ ಮಾಡುತ್ತಿದ್ದೆನೇ? ನಿನ್ನ ಅಮ್ಮ ಮೆಲ್ಲಗೆ, "ಇನ್ನೊಂದು ಸಲ ಹೊಡಿಯೋ" ಎಂದಳು ತಮ್ಮನಿಗೆ. ಅವನು ಹೊಡೆದ. "ಇನ್ನೊಂದು ಸಲ." ಹೊಡೆದ. "ಇನ್ನೊಂದು..." "ಅಕ್ಕಾ, ನನ್ನ ಕಾಲು ಬಾಡಿಗೆಯದಲ್ಲ!" ಎಂದು ಹೊರಗಿನಿಂದ ಕೂಗಿದ. ಆದರೂ ಅವಳು ಹೊರಗೆ ಬರಲು ಒಪ್ಪಲಿಲ್ಲ.

ಬಂಡಿಗೆ ಏನೂ ಕಡಿಮೆಯಾಗಿರಲಿಲ್ಲ ನೋಡು. ಕಿಡಿ ತನ್ನಷ್ಟಕ್ಕೆ ತಾನು ಸಿದ್ಧವಿತ್ತು. ಆ ನಾಲ್ಕರಲ್ಲಿ ಕಪ್ಪು-ಬಿಳಿ ತಂತಿಗೆ ಇರುವುದು ಒಂದೇ ಕೆಲಸ, ನಿಲ್ಲು ಎನ್ನುವುದು. ಕೀ ಆಫ್ ಆದಾಗ ಅದು ಬಂಡಿಯ ಮೈಗೆ ತಾಗುತ್ತದೆ, ಕಿಡಿಗೆ ಹೋಗಬೇಕಾದ ಕರೆಂಟು ಅದರ ದಾರಿ ಹಿಡಿದು ಬಂಡಿಯ ಮೈಯಲ್ಲಿ ಇಂಗಿಹೋಗುತ್ತದೆ. ಕೀ ಆನ್ ಆದಾಗ ಅದು ಬಿಟ್ಟುಕೊಡಬೇಕು. ನಮ್ಮದು ಬಿಟ್ಟುಕೊಡುತ್ತಿರಲಿಲ್ಲ. ದೀಪಕ್ಕೂ ಹಾರ್ನಿಗೂ ಬೇರೆ ತಂತಿ, ಅವಕ್ಕೆ ಈ ಜಗಳ ಗೊತ್ತಿಲ್ಲ, ಅದಕ್ಕೇ ಅವು ನಗುನಗುತ್ತಾ ಇದ್ದವು.

ತಂತಿಯ ಟೋಪಿಯನ್ನು ಎಂಜಿನ್ನಿನ ಪ್ಲಗ್ಗಿಗೇ ಮತ್ತೆ ಸಿಕ್ಕಿಸಿ, ಪೆಟ್ರೋಲ್ ಬಿಟ್ಟು ಕಿಕ್ ಹೊಡೆದರೆ, ಗೂಡು ಬಿಡಿಸಿದ ಹಾಗೇ ಬಂಡಿ ಗುರ್ರೆಂದು ಎದ್ದಿತು! ನಿನ್ನ ಮಾವ ಚಪ್ಪಾಳೆ ತಟ್ಟಿದ. ಆಮೇಲೆ ತಮಾಷೆ. ಕೀ ತಿರುಗಿಸಿದರೂ ನಿಲ್ಲದು. ಕೀ ಕಿತ್ತು ಜೇಬಿಗೆ ಹಾಕಿಕೊಂಡರೂ ನಿಲ್ಲದು. ಅಂಗಳದ ತುಂಬಾ ಹೊಗೆ, ನಿನ್ನ ಅಮ್ಮ ಎರಡು ಕಿವಿ ಮುಚ್ಚಿಕೊಂಡು "ನಿಲ್ಲಿಸ್ರೋ, ಯಾರಾದ್ರೂ ನಿಲ್ಲಿಸ್ರೋ!" ಎಂದು ಕುಣಿಯುತ್ತಿದ್ದಾಳೆ. ಸೊಸೆ ಗೇರ್ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟು ಅದರ ಕತ್ತು ಹಿಸುಕಿ ನಿಲ್ಲಿಸಿದಳು. "ಸಾಕು ಬಿಡು, ಹೀಗೇ ಓಡಿಸ್ಕೊಂಡು ಹೋಗು, ಆ ದರಿದ್ರ ತಂತಿ ಯಾಕೆ ಬೇಕು?" ಎಂದ ನಿನ್ನ ಮಾವ. ನನಗೂ ಅದೇ ಸರಿಯೆನಿಸಿತ್ತು, ನಾಳೆ ಎಂಟಕ್ಕೆ ಹೊರಟರೆ ಸಾಕಲ್ಲ. ಅವಳು ತಲೆಯಾಡಿಸಿದಳು. "ನಿಲ್ಲು ಅಂದ್ರೆ ನಿಲ್ಲದ ಬಂಡಿ ಹತ್ತಿ ನಾನು ಗುಡ್ಡ ಇಳಿಯಲ್ಲ. ಬಿದ್ದರೆ ಎಂಜಿನ್ ಓಡ್ತಾನೇ ಇರುತ್ತೆ ಮಾವಯ್ಯ, ಬೆಂಕಿ ಹತ್ತುತ್ತೆ. ಅಂಥವರಿಗೆ ಪಟ್ಟಿ ಕಟ್ಟಿದ್ದೀನಿ ನಾನು."

ಕತೆ ಹೇಳುವಾಗ ನಿನ್ನ ಅಮ್ಮ ಇಲ್ಲಿಗೆ ಬಂದು ಮಡಚಿದ ಕಾಲು ಕೆಳಗಿಳಿಸಿದಳು. ಆಮೇಲೆ ಟೈಲರಮ್ಮನ ತೊಡೆ ತಟ್ಟಿ, "ನಾನು ಇವಳಿಗೆ ಹೆದರಿಕೆಯೇ ಇಲ್ಲ ಅಂತ ಹೆದರಿದ್ದೆ ಕಣೇ. ಇವಳಿಗೆ ನನಗಿಂತ ಜಾಸ್ತಿ ಹೆದರಿಕೆ ಗೊತ್ತು, ಹೆದರಿಕೇನ ಎಲ್ಲಿಡಬೇಕೋ ಅಲ್ಲಿಟ್ಟಿದ್ದಾಳೆ" ಅಂದಳು. ನಾನು ಮದುವೆಯಾದಂದಿನಿಂದ ಈ ಹೆಂಗಸಿನ ಮಾತು ಕೇಳುತ್ತಾ ಬಂದಿದ್ದೇನೆ. ಇಂಥ ಮಾತು ಕೇಳಿರಲಿಲ್ಲ.

ಇನ್ನು ತಪ್ಪು ಎಲ್ಲಿ ಎಂದು ಹಿಡಿಯಬೇಕು. ಸೊಸೆ ಇಂಡಿಕೇಟರಿನಿಂದ ಒಂದು ಪುಟ್ಟ ಬಲ್ಬು ಬಿಚ್ಚಿ, ಎರಡು ತುಂಡು ತಂತಿ ಸುತ್ತಿ, ಒಂದು ತುದಿ ಬ್ಯಾಟರಿಗೆ, ಇನ್ನೊಂದು ತುದಿ ಸ್ವಿಚ್ಚಿನಿಂದ ಬರುವ ಕಪ್ಪು-ಬಿಳಿ ತಂತಿಗೆ ಕೊಟ್ಟಳು. ಆ ತಂತಿ ಬಂಡಿಯ ಮೈಗೆ ತಾಗಿದ್ದರೆ ಬಲ್ಬು ಉರಿಯುತ್ತದೆ, ಬಿಟ್ಟಿದ್ದರೆ ಆರುತ್ತದೆ. ಕೀ ಆಫ್ ಇತ್ತು, ಬಲ್ಬು ಉರಿಯಿತು, ಅದು ಸರಿ. ಕೀ ಆನ್ ಮಾಡಿದಳು. ಆರಬೇಕಿತ್ತು, ಆರಲಿಲ್ಲ. "ಅತ್ತೆ, ಇದನ್ನ ಹಿಡ್ಕೊಳ್ಳಿ, ಆರಿದರೆ ಕೂಗಿ" ಎಂದು ಬಲ್ಬನ್ನು ನಿನ್ನ ಅಮ್ಮನ ಕೈಗಿಟ್ಟಳು. ನಿನ್ನ ಅಮ್ಮ ಅದನ್ನು ಎರಡೂ ಅಂಗೈಯಲ್ಲಿ ಹಕ್ಕಿಮರಿಯ ಹಾಗೆ ಹಿಡಿದು ನಿಂತಳು. ಸೊಸೆ ಸ್ವಿಚ್ಚಿನ ಹಿಂದೆ ಕೈ ತೂರಿಸಿ, ತಂತಿಗಳನ್ನು ಬೆರಳಿನಿಂದ ಬೆರಳಿಗೆ ಸರಿಸುತ್ತಾ, ನರ ಹುಡುಕುವ ಹಾಗೆ ಕೆಳಗಿಳಿಸಿದಳು. ಒಂದು ಕಡೆ ಬೆರಳು ತಡೆಯಿತು, ಅಲ್ಲಿ ತಂತಿಯನ್ನು ಮೆಲ್ಲಗೆ ಈಚೆಗೆ ಎತ್ತಿದಳು. "ಆರಿತು! ಆರಿತು ಕಣಮ್ಮಾ, ಆರಿಹೋಯ್ತು!" ಎಂದು ನಿನ್ನ ಅಮ್ಮ ಬೀದಿಗೆ ಕೇಳುವಂತೆ ಕೂಗಿದಳು. ದೀಪ ಆರಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡದ್ದು ಅದೇ ಮೊದಲು.

ಅಲ್ಲಿ, ಸ್ವಿಚ್ಚನ್ನು ಹಿಡಿದಿರುವ ತಗಡಿನ ಅಂಚಿಗೆ ಉಜ್ಜಿ ಉಜ್ಜಿ, ತಂತಿಯ ಕಪ್ಪು ಅಂಗಿ ಅಕ್ಕಿಕಾಳಿನಷ್ಟು ಹರಿದು ಒಳಗಿನ ತಾಮ್ರ ಮಿನುಗುತ್ತಿತ್ತು. ಯಾಕೆ ಉಜ್ಜಿತು? ಸ್ವಿಚ್ಚಿನ ತಿರುಪು ಸಡಿಲವಾಗಿ, ಬಂಡಿ ಕುಲುಕಿದಾಗಲೆಲ್ಲ ಅದು ತಂತಿಗಳನ್ನು ಎಳೆದುಕೊಂಡೇ ಓಲಾಡುತ್ತಿತ್ತು. ಯಾಕೆ ಸಡಿಲವಾಯಿತು? ಇದನ್ನು ಸೊಸೆ ಹೇಳಲಿಲ್ಲ. ಅವಳು ಕೀಯ ಕಡೆ ನೋಡಿದಳು, ನೋಡಿ ಕಣ್ಣು ತೆಗೆದಳು, ಅಷ್ಟೇ. ಮನೆಯ ಕೀಲಿಕೈಗಳೆಲ್ಲ ಒಂದೇ ಬಳೆಯಲ್ಲಿರಬೇಕು ಎನ್ನುವುದು ನಿನ್ನ ಅಮ್ಮನ ಶಾಸನವಲ್ಲವೇ. ಮುಂಬಾಗಿಲು, ಹಿಂಬಾಗಿಲು, ಬೀರು, ಉಗ್ರಾಣದ ಆ ಗೇಣುದ್ದದ ಕಬ್ಬಿಣದ್ದು, ಯಾವ ಬೀಗದ್ದೆಂದೇ ಮರೆತುಹೋದವು ಬೇರೆ. ನೀನು ಬಂಡಿ ಹತ್ತಿ ಹೋದರೆ ಬರುವವರೆಗೆ ಮನೆಯಲ್ಲಿ ಯಾರಿಗೂ ಸಕ್ಕರೆ ಸಿಗುತ್ತಿರಲಿಲ್ಲ. ಅಷ್ಟೂ ಕಬ್ಬಿಣ ಆ ಪುಟ್ಟ ಸ್ವಿಚ್ಚಿನ ಕಿವಿಗೆ ಜೋತುಬಿದ್ದು ವರ್ಷಗಟ್ಟಲೆ ತೂಗಾಡಿತ್ತು. ನಿನ್ನ ಅಮ್ಮ ಗೊಂಚಲನ್ನು ಕೈಯಲ್ಲಿ ಹಿಡಿದು ಎತ್ತಿ ಇಳಿಸಿ ತೂಕ ನೋಡಿದಳು. ಉಗುರು ಮುರಿದುಕೊಂಡು ಬಳೆ ಅಗಲಿಸಿ, ಬಂಡಿಯ ಕೀಯೊಂದನ್ನೇ ಬಿಡಿಸಿ, ಸೆರಗಿನಲ್ಲಿ ಒರೆಸಿ, ಸೊಸೆಯ ಕೈಗೆ ಕೊಟ್ಟಳು. ಸೊಸೆ ತಂತಿಗೆ ಟೇಪು ಸುತ್ತಿ, ತಗಡಿನ ಅಂಚಿಗೆ ಹಳೆಯ ಟ್ಯೂಬಿನ ತುಂಡು ಹೊದಿಸಿ, ತಿರುಪು ಬಿಗಿದು, ಗೂಡು ಸೇರಿಸಿದಳು. ಕೀ ಆನ್, ಒಂದೇ ಕಿಕ್, ಎದ್ದಿತು. ಕೀ ಆಫ್, ನಿಂತಿತು. ಆ ನಿಂತ ಮೌನವೂ ಎಷ್ಟು ಚೆನ್ನಾಗಿತ್ತು ಅಂತೀಯ!

ಇಷ್ಟನ್ನು ನಿನ್ನ ಅಮ್ಮ ಆ ಸಂಜೆ ಬೆಂಚಿನ ಮೇಲೆ ಕೂತು ಹೇಳಿದಳು. ನೀಲಿ ಚುಕ್ಕೆಯ ಜಾಗಕ್ಕೆ ಬಂದಾಗ ಕ್ಷೌರಿಕನ ತಾಯಿ ಎರಡು ಸಲ ಹೇಳಿಸಿದಳು. ಕತೆ ಮುಗಿದ ಮೇಲೆ ಎಲ್ಲರೂ ಒಂದಿಷ್ಟು ಹೊತ್ತು ಬಂಡಿಯನ್ನೇ ನೋಡುತ್ತಾ ಕೂತರು, ಅದು ನಿನ್ನೆಯ ಬಂಡಿಯೇ ಅಲ್ಲವೆನ್ನುವ ಹಾಗೆ. ಬೇಕರಿಯವನು ಮಾತ್ರ ನಮ್ಮ ಬೀದಿಯ ಇಳಿಜಾರಿನ ಕಡೆ ನೋಡಿ, "ಆ ಜಲ್ಲಿ ಮೇಲೆ ಹೇಗೆ ಇಳೀತಾಳೋ" ಎಂದು ತನಗೆ ತಾನೇ ಹೇಳಿಕೊಂಡ. ರಸ್ತೆ ಅಗೆದು ಹೋದವರು ಚೆಲ್ಲಿದ ಜಲ್ಲಿ, ತಿಂಗಳುಗಟ್ಟಲೆ ಬಿದ್ದಿದೆ. ನಡೆಯುವವರ ಕಾಲೇ ಜಾರುತ್ತದೆ. ಎಲ್ಲರೂ ಎದ್ದು ಅವರವರ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಸೊಸೆ ಬಿಳಿ ಅಂಗಿ ತೊಟ್ಟು, ಔಷಧಿ ಪೆಟ್ಟಿಗೆ ಕಟ್ಟಿ, ಬಂಡಿಯನ್ನು ಗೇಟಿನಾಚೆ ತಳ್ಳಿದಳು. ನಾವಿಬ್ಬರೂ ಹಿಂದೆಯೇ ಹೋದೆವು. ಹೋದವರು ಹಾಗೇ ನಿಂತೆವು. ಮೇಲಿನಿಂದ ಕೆಳಗಿನ ತಿರುವಿನವರೆಗೆ ಬೀದಿಯಲ್ಲಿ ಒಂದು ಕಲ್ಲಿರಲಿಲ್ಲ. ಜಲ್ಲಿಯನ್ನೆಲ್ಲ ಗುಡಿಸಿ ಎರಡೂ ಅಂಚಿಗೆ ಉದ್ದಕ್ಕೆ ದಿಂಡು ಹಾಕಿದ್ದರು. ನೆಲದ ಮೇಲೆ ಪೊರಕೆಯ ಗೆರೆ ಇನ್ನೂ ಹಸಿಯಾಗಿತ್ತು. ಟೈಲರಮ್ಮನ ಪೊರಕೆ ಅವಳ ಬಾಗಿಲಿಗೆ ಒರಗಿತ್ತು, ಬೇಕರಿಯವನ ಸಲಿಕೆ ಅವನ ಗೋಡೆಗೆ. ಕ್ಷೌರಿಕ ಅಂಗಡಿಯ ಬಾಗಿಲು ತೆರೆಯುತ್ತಾ ನಮ್ಮ ಕಡೆ ನೋಡಲೇ ಇಲ್ಲ. ಅವನ ಪಂಚೆ ಮಂಡಿಯವರೆಗೆ ಧೂಳಾಗಿತ್ತು.

ಇಷ್ಟೇ ಸುದ್ದಿ. ಕೈಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಜೊತೆಯ ಹಡಗಿನವರಿಗೆಲ್ಲ ಒಬ್ಬ ಮುದುಕ ಕೇಳಿದ ಎಂದು ಹೇಳು. ನಿನ್ನ ಅಮ್ಮ ನಿನ್ನ ತಲೆ ಸವರಿದ್ದಾಳೆ, ಇಲ್ಲಿಂದಲೇ. ಅಲೆ ಸಣ್ಣದಿರಲಿ, ಒಲೆ ಆರದಿರಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ
ಅಪ್ಪ

ಮರೆತೇಬಿಟ್ಟೆ, ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ. ನಿನ್ನ ಆ ಉದ್ದಕೂದಲಿನ ಗೆಳೆಯ ನಿನ್ನೆ ಬಂದಿದ್ದ. ಬಂಡಿ ಅವನಿಗೇ ಎಂದು ನೀನು ಹಡಗು ಹತ್ತುವ ದಿನ ಮಾತು ಕೊಟ್ಟಿದ್ದೀಯಂತೆ, ಭಾನುವಾರ ಬಂದು ಒಯ್ಯುತ್ತಾನಂತೆ. ಸೊಸೆ ಕೇಳಿಸಿಕೊಂಡು, "ಅವರ ಬಂಡಿ, ಅವರ ಮಾತು" ಎಂದು ಒಳಗೆ ಹೋದಳು. ಹಗ್ಗದ ಮೇಲೆ ಒಂದು ಬಟ್ಟೆಯಲ್ಲೂ ಹನಿ ನೀರು ಉಳಿದಿಲ್ಲ, ಹಾಗೆ ಹಿಂಡಿದ್ದಾಳೆ. ಅವಳು ನಿನ್ನನ್ನು ಕೇಳುವವಳಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ. ಆ ಮಾತನ್ನು ಹಿಂದಕ್ಕೆ ತಗೋ, ಕಾಗದ ತಲುಪಿದ ದಿನವೇ ಬೇಡವೆಂದು ಅವನಿಗೆ ತಂತಿ ಸಂದೇಶ ಕಳಿಸು. ನಿನ್ನ ಉತ್ತರ ಬರುವವರೆಗೆ ಅವನು ಬಂದರೂ ಬಂಡಿ ಸಿಗುವುದಿಲ್ಲ. ಗೇಟಿಗೆ ಅಡ್ಡ ನಿನ್ನ ಅಮ್ಮ ಕೂರುತ್ತಾಳಂತೆ.